ಇಂದ: ನಾನು, ಗೆ: ನಾನೇ

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪತ್ರಲೇಖನ ಕಲಿಸಿದವನು ನಾನು. ಮೇಲೆ ‘ಇಂದ’, ಅದರ ಕೆಳಗೆ ‘ಗೆ’. ಎರಡರ ಮುಂದೆಯೂ ಒಂದೇ ಹೆಸರು ಬರೆದ ಹುಡುಗನಿಗೆ ಅಂಕ ಕಳೆದು, ಕಿವಿಯನ್ನೂ ಹಿಂಡಿದ್ದೇನೆ. ನಿವೃತ್ತನಾದ ಮೇಲೆ ಅದೇ ತಪ್ಪನ್ನು ನಾನೇ ಮಾಡಿದೆ. ಚೀಟಿಯ ಮೇಲೆ ಇಂದ ನಾನು, ಗೆ ನಾನೇ. ಕಳಿಸಬೇಕಾಗಿದ್ದ ಸಾಮಾನು ತಾತನ ಕೋವಿ. ಅದಿನ್ನೂ ಹನೂರಿನ ಮನೆಯ ಗೋಡೆಯಲ್ಲಿ ಮೊಳೆಗೆ ನೇತಾಡುತ್ತಿತ್ತು. ಮೇಷ್ಟರ ಬುದ್ಧಿ ನೋಡಿ, ಮೊದಲು ವಿಳಾಸ ಬರೆದಾಯಿತು.

ನನ್ನ ಹೆಂಡತಿಯ ತವರು ಬರಗೂರು ಬೆಟ್ಟ. ರಾಮಚಂದ್ರಪ್ಪನವರ ಬರಗೂರಲ್ಲ, ಅಂತಿಯೂರು ಕಡೆಯ ಬರಗೂರು. ಕೆಂಪು ಮೈಮೇಲೆ ಬಿಳಿ ಚಿತ್ತಾರದ ದನಗಳಿಗೆ ಹೆಸರಾದ ಊರು. ಮಾತು ಕನ್ನಡ, ದೇವರು ಮಾದಪ್ಪ, ಬಸ್ಸಿನ ಬೋರ್ಡು ಮಾತ್ರ ತಮಿಳು. ಹನೂರಿನಲ್ಲಿ ತಿಂಡಿ ತಿಂದು ರಾಮಾಪುರ, ನಾಲ್ ರೋಡು, ಗರಿಕೆಕಂಡಿ ದಾಟಿದರೆ ಮಧ್ಯಾಹ್ನದ ಊಟಕ್ಕೆ ಮಾವನ ಮನೆ. ಅಲ್ಲಿ ಎರಡು ಎಕರೆ ಮರಗೆಣಸನ್ನು ಹಂದಿಗಳು ಉತ್ತು ಹಾಕಿದ್ದವು. ಮಾವ ಫೋನು ಮಾಡಿ, “ನಿಮ್ ತಾತಪ್ಪನ ಕೋವಿ ಸುಮ್ನೆ ನೇತಾಕಂಡದಲ್ಲಾ ಅಳಿಯಂದ್ರೆ, ತಕ್ಕಂಡು ಬನ್ನಿ. ಹೊಡೆಯದು ಬ್ಯಾಡ, ಒಂದು ಢಮ್ ಅಂದ್ರೆ ಸಾಕು” ಎಂದರು. ಒಂದು ಢಮ್ಮನ್ನು ಗಡಿ ದಾಟಿಸುವುದು ಅಷ್ಟೇನು ಕಷ್ಟ ಎಂದುಕೊಂಡೆ.

ಈ ಉಪಾಯ ಹೊಳೆದದ್ದು ಟೆಕ್ಸಾಸಿನಲ್ಲಿರುವ ತಂಗಿಯ ಮಗನಿಂದ. ಅಮೆರಿಕದಲ್ಲಿ ಬೇರೆ ರಾಜ್ಯಕ್ಕೆ ಬೇಟೆಗೆ ಹೋಗುವವರು ತಮ್ಮ ಬಂದೂಕನ್ನು ತಮ್ಮ ಹೆಸರಿಗೇ ಪಾರ್ಸೆಲ್ ಮಾಡಿಕೊಳ್ಳಬಹುದಂತೆ. ಅಲ್ಲಿರುವ ಗೆಳೆಯನ ವಿಳಾಸ ಕೊಟ್ಟರೆ ಸಾಕು. ಗೆಳೆಯ ಕಟ್ಟನ್ನು ಇಳಿಸಿಟ್ಟುಕೊಳ್ಳಬೇಕು, ಒಡೆಯುವವನು ಯಜಮಾನನೇ. ಹಾಗೆಂದು ಅಲ್ಲೂ ಎಲ್ಲಕ್ಕೂ ಬಾಗಿಲು ತೆರೆದಿಲ್ಲ. ಜೇಬಿನ ಪಿಸ್ತೂಲುಗಳನ್ನು ಸಾಮಾನ್ಯ ಜನ ಅಂಚೆಗೆ ಹಾಕಕೂಡದೆಂದು 1927ರಲ್ಲೇ ಕಾಯಿದೆ ಮಾಡಿದ್ದರು. ನಮ್ಮದು ಜೇಬಿನದಲ್ಲ, ನನ್ನ ಎದೆಮಟ್ಟ ಬರುವ ಕೇಪಿನ ಕೋವಿ. ಇನ್ನು ನಂಬಿಕೆಯ ವಿಷಯ. ನಮ್ಮೂರಿನಲ್ಲಿ ಮದುವೆಯ ಲಾಡಿನ ಡಬ್ಬವನ್ನೇ ಯಾರೂ ಒಡೆಯದೆ ಮುಟ್ಟಿಸಿದ್ದು ನಾನು ಕಂಡಿಲ್ಲ.

ಪಾರ್ಸೆಲ್ ಕೌಂಟರಿನ ಹುಡುಗ ಚೀಟಿಯನ್ನು ಎರಡು ಸಲ ಓದಿದ. “ಸಾ, ನೀವೇ ಕಳ್ಸಿ ನೀವೇ ಈಸ್ಕಳದಾದ್ರೆ, ನೀವೇ ಎತ್ಕಂಡೋಗಬಾರ್ದಾ?” ಎಂದ. ಉದ್ದದ ಸಾಮಾನು ಎಂದೆ. ಗುದ್ದಲಿಯಾ ಎಂದ. ಕೋವಿ ಎಂದೆ. ಹುಡುಗ ಚೀಟಿಯನ್ನು ಚೇಳು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟ. ನನ್ನ ಹಳೆಯ ವಿದ್ಯಾರ್ಥಿಯೇ ಇರಬೇಕು. ಕಿವಿ ನೋಡಿದರೆ ಗುರುತು ಸಿಗುವಂತಿತ್ತು.

ಕಚೇರಿಯಲ್ಲಿ ಕೇಳಿದಾಗ ಗುಮಾಸ್ತರೊಬ್ಬರು ಬಹಳ ಸೌಜನ್ಯದಿಂದ ಲೈಸೆನ್ಸನ್ನು ಬಿಡಿಸಿ ತೋರಿಸಿದರು. ಬೆಳೆ ರಕ್ಷಣೆಗೆಂದು ಕೊಟ್ಟದ್ದು. “ಇದು ನಿಮ್ಮ ಜಮೀನಿನ ಲೈಸೆನ್ಸು ಸಾರ್. ಜಮೀನು ಬರಗೂರಿಗೆ ಹೋದರೆ ಕೋವಿಯೂ ಹೋಗಬಹುದು” ಎಂದರು. ಹಾಗಲ್ಲದೆ ಕೋವಿಯೊಂದನ್ನೇ ಒಯ್ಯಬೇಕೆಂದರೆ ಚಾಮರಾಜನಗರದ ಜಿಲ್ಲಾಧಿಕಾರಿಗಳಿಗೆ ಅರ್ಜಿ, ಠಾಣೆಯ ವರದಿ, ಹೊರರಾಜ್ಯಕ್ಕೆ ಬೇರೆ ಅನುಮತಿ. 1959ರ ಶಸ್ತ್ರಾಸ್ತ್ರ ಕಾಯಿದೆ, 2016ರ ನಿಯಮಗಳು, 2019ರ ತಿದ್ದುಪಡಿ ಎಲ್ಲವನ್ನೂ ಹೇಳಿದರು. ಆ ತಿದ್ದುಪಡಿಯ ಪ್ರಕಾರ ಒಬ್ಬನಿಗೆ ಮೂರರ ಬದಲು ಎರಡೇ ಬಂದೂಕು. ನನ್ನಲ್ಲಿರುವುದು ಒಂದೇ, ಅದೂ ಮಳೆಗಾಲದಲ್ಲಿ ಅರ್ಧ. ಕೊಡಗಿನ ನನ್ನ ಸಹೋದ್ಯೋಗಿಗೆ ಇದನ್ನೆಲ್ಲ ಹೇಳಿಕೊಂಡರೆ, ಕೊಡವರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆಯೆಂದೂ ಅದನ್ನು 2029ರವರೆಗೆ ಮುಂದುವರಿಸಿದ್ದಾರೆಂದೂ ಸಮಾಧಾನ ಹೇಳಿದರು. ಇಂಥ ಸಮಾಧಾನದಿಂದ ಯಾರ ಹೊಟ್ಟೆಯೂ ತಣ್ಣಗಾಗದು.

ನನ್ನ ಸಂಕಟಕ್ಕೆ ಇನ್ನೊಂದು ಕಾರಣವಿತ್ತು. ಈ ಕೋವಿ ಆಗಲೇ ಒಮ್ಮೆ ರಾಜ್ಯ ದಾಟಿದೆ. ತಾತನಿಗೆ ಕಾಗದ ಸಿಕ್ಕಿದ್ದು ಕೊಯಮತ್ತೂರಿನಿಂದ. ಆಗ ಕೊಳ್ಳೇಗಾಲ ತಾಲ್ಲೂಕು, ಅದರೊಳಗಿನ ನಮ್ಮ ಹನೂರು, ಮಾದಪ್ಪನ ಬೆಟ್ಟ ಎಲ್ಲವೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು, ಮೈಸೂರು ಸೀಮೆ. ಕೊಳ್ಳೇಗಾಲದಿಂದ ಯಳಂದೂರಿನ ಮದುವೆಗೆ ಎತ್ತಿನ ಗಾಡಿ ಕಟ್ಟಿದರೆ ಬೆಲ್ಲ ಕರಗುವ ಮೊದಲೇ ಸರ್ಕಾರ ಬದಲಾಗುತ್ತಿತ್ತು. ತಾತನ ಕೋವಿ ಆ ಮದುವೆಗಳಿಗೆಲ್ಲ ಹೋದದ್ದುಂಟಂತೆ, ಚಾಪೆಯೊಳಗೆ ಸುತ್ತಿಕೊಂಡು, ಅಜ್ಜಿಯ ಬೆನ್ನಿಗೆ ಒರಗಿಕೊಂಡು. ಅದು ಅಜ್ಜಿ ಹೇಳಿದ ಕತೆ, ಪ್ರಮಾಣ ಕೇಳಬೇಡಿ.

1956ರ ನವೆಂಬರ್ 1ರ ಬೆಳಿಗ್ಗೆ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ತಾತ ಎದ್ದು ರಾಗಿ ಅಂಬಲಿ ಕುಡಿದು ಹೊಲಕ್ಕೆ ಹೋದರು. ಕೋವಿ ಮೊಳೆಯಿಂದ ಕೆಳಗಿಳಿಯದೆ ಮದರಾಸಿನಿಂದ ಮೈಸೂರಿಗೆ ಬಂದಿತ್ತು. ಕಟ್ಟಿಲ್ಲ, ಚೀಟಿಯಿಲ್ಲ, ‘ಇಂದ’ ‘ಗೆ’ ಇಲ್ಲ. ಇಷ್ಟು ಅಗ್ಗದ ಸಾಗಣೆ ಟೆಕ್ಸಾಸಿನಲ್ಲೂ ಇರಲಾರದು. ಬರಗೂರು ಮಾತ್ರ ಅಲ್ಲೇ ಉಳಿಯಿತು. ನಕ್ಷೆಯ ಮೇಲೆ ಗೆರೆ ಎಳೆದವರ ಕೈ ಒಂದಿಷ್ಟು ಪೂರ್ವಕ್ಕೆ ಜಾರಿದ್ದರೆ ನನ್ನ ಮಾವನ ಮರಗೆಣಸು ಇಷ್ಟು ಕಷ್ಟ ಪಡಬೇಕಾಗಿರಲಿಲ್ಲ.

ನಮ್ಮ ಕಡೆಯ ಒಬ್ಬನೇ ಒಬ್ಬ ಮಾತ್ರ ಯಾವ ಅನುಮತಿಯೂ ಇಲ್ಲದೆ ವರ್ಷಗಟ್ಟಲೆ ಎರಡು ರಾಜ್ಯಗಳ ನಡುವೆ ಕೋವಿ ಹೊತ್ತು ಓಡಾಡಿದ. ಗೋಪಿನಾಥಂನವನು. 2004ರ ಅಕ್ಟೋಬರ್ 18ರವರೆಗೂ ಅವನ ಓಡಾಟ ನಡೆಯಿತು. ಆಗ ಹೊತ್ತು ಮುಳುಗಿದ ಮೇಲೆ ಈ ರಸ್ತೆಯಲ್ಲಿ ಉದ್ದನೆಯ ಕಟ್ಟು ಹೊತ್ತು ನಡೆದವನನ್ನು ಎರಡೂ ರಾಜ್ಯದ ಪೊಲೀಸರು ಕೂಡಿ ವಿಚಾರಿಸಿಕೊಳ್ಳುತ್ತಿದ್ದರು. ಕಬ್ಬಿನ ಜಲ್ಲೆ ತಂದವರನ್ನೂ ನಿಲ್ಲಿಸಿದ ಕಾಲವದು. ಹನೂರಿನಲ್ಲಿ ಈ ಮಾತು ಬಂದರೆ ನಾವು ಈಗಲೂ ಪೂರ್ತಿ ನಗುವುದಿಲ್ಲ.

ಅಂತೂ ಅರ್ಜಿ ಬರೆದೆ. ಇಂದ, ಗೆ, ವಿಷಯ, ಉಲ್ಲೇಖ ಎಲ್ಲ ಸರಿಯಾಗಿ. ಕೊಡುವುದಕ್ಕೆ ಹೊರಟ ಹೊತ್ತಿಗೆ 2024ರ ಮಾರ್ಚ್ 16 ಬಂತು, ಲೋಕಸಭೆ ಚುನಾವಣೆ ಘೋಷಣೆಯಾಯಿತು. ಲೈಸೆನ್ಸುದಾರರು ಕೋವಿಯನ್ನು ಠಾಣೆಗೆ ಒಪ್ಪಿಸಬೇಕೆಂದು ಹೇಳಿಕೆ ಬಂತು. ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ನಮ್ಮ ಕೋವಿ ಹೊಲಕ್ಕಿಂತ ಹೆಚ್ಚು ಸಲ ಠಾಣೆಗೆ ಹೋಗಿ ಬಂದಿದೆ. ಬಿಟ್ಟರೆ ತಾನೇ ದಾರಿ ಹಿಡಿದು ಹೋದೀತು. ನಳಿಗೆ ಒರೆಸಿ, ಗೋಣಿಚೀಲ ಸುತ್ತಿ ಒಯ್ದೆ. ಪೇದೆ ನಂಬರು ಕಟ್ಟಿ ಮೂಲೆಗೆ ಒರಗಿಸಿದರು. ಅಲ್ಲಿ ಅದರ ಹಳೆಯ ಗೆಳೆಯರೆಲ್ಲ ಆಗಲೇ ಸಾಲಾಗಿ ನಿಂತಿದ್ದರು. ನನ್ನ ಕೈಗೆ ರಸೀದಿ ಬಂತು.

ಆ ವಾರವೇ ಬರಗೂರಿಗೆ ಹೋದೆ. ಗರಿಕೆಕಂಡಿ ಚೆಕ್‌ಪೋಸ್ಟಿನಲ್ಲಿ ಚುನಾವಣೆಯವರು ಚೀಲ ತಡಕಿದರು. ಪಂಚೆ, ಟವೆಲ್ಲು, ಮಾವನಿಗೆಂದು ಒಯ್ದ ಒಂದು ಕವಳಿಗೆ ವೀಳ್ಯದೆಲೆ. ಜೇಬಿನ ರಸೀದಿಯನ್ನು ಯಾರೂ ಕೇಳಲಿಲ್ಲ. ಮಾವ ಜಗಲಿಯ ಮೇಲೆ ಕಾಯುತ್ತಿದ್ದರು. ನನ್ನ ಬೆನ್ನ ಹಿಂದೆ ನೋಡಿದರು, ಬಸ್ಸಿನ ಕಡೆ ನೋಡಿದರು. ನಾನು ರಸೀದಿ ತೆಗೆದುಕೊಟ್ಟೆ. ಕನ್ನಡಕ ಹಾಕಿಕೊಂಡು, ಮೊಹರಿನ ಮೇಲೆ ಬೆರಳಾಡಿಸಿ, ಹಿಂದುಮುಂದು ತಿರುಗಿಸಿ ನೋಡಿದರು.

“ಇದ ಹೊಲದಲ್ಲಿ ನೆಟ್ರೆ, ಹಂದಿ ಓದ್ಕಂಡು ಹೋದವಾ ಮೇಷ್ಟ್ರೆ?” ಎಂದರು.