ಗೈಡಿಗೂ ಒಬ್ಬ ಗೈಡು

ಸಮುದ್ರಮಟ್ಟದಿಂದ 1712 ಮೀಟರ್ ಎತ್ತರವಿರುವ ಕುಮಾರ ಪರ್ವತದಲ್ಲಿ ಚಾರಣಿಗನೊಬ್ಬನು ಎಷ್ಟು ಮೇಲೆ ತಲುಪಿದ್ದಾನೆಂದು ತಿಳಿಯಲು ಯಾವ ಉಪಕರಣವೂ ಬೇಕಾಗುವುದಿಲ್ಲ. ಆತನು ತನ್ನ ಗೈಡನ್ನು ಏನೆಂದು ಕರೆಯುತ್ತಿದ್ದಾನೆ ಎಂಬುದನ್ನು ಕೇಳಿಸಿಕೊಂಡರೆ ಸಾಕು. ಕುಕ್ಕೆ ಸುಬ್ರಹ್ಮಣ್ಯದ ರಥಬೀದಿಯಲ್ಲಿ ‘ಏನಪ್ಪಾ’ ಎಂದು ಆರಂಭವಾಗುವ ಸಂಬೋಧನೆಯು ಗಿರಿಗದ್ದೆಯ ಹೊತ್ತಿಗೆ ‘ಬಾಸ್’ ಆಗಿ, ಕಲ್ಲು ಮಂಟಪವನ್ನು ದಾಟುವಾಗ ‘ಗುರುಗಳೇ’ ಆಗಿ, ಶೇಷ ಪರ್ವತದ ಏಣಿನ ಮೇಲೆ ‘ಅಣ್ಣಾ’ ಎಂಬ ರಕ್ತಸಂಬಂಧಕ್ಕೆ ತಿರುಗುತ್ತದೆ. ಅಲ್ಲಿಂದಾಚೆಯ ಬಂಡೆಯ ಮೇಲೆ ಅದು ಏನಾಗುತ್ತದೆಂಬುದು ವ್ಯಾಕರಣಕ್ಕೆ ಸಂಬಂಧಿಸಿದ ತೊಡಕಿನ ವಿಷಯವಾದುದರಿಂದ ಅದನ್ನು ಯಥಾಸ್ಥಾನದಲ್ಲಿ ಪರಿಶೀಲಿಸಬೇಕಾಗಿದೆ.

ಈ ಮಾಪನಕ್ಕೆ ಅತ್ಯಂತ ನಿಖರವಾಗಿ ಒದಗುವವನು ಅನುಭವಸ್ಥ. ಹೊಸಬನು ಮೊದಲ ಏರಿನಲ್ಲೇ ಏದುಸಿರು ಬಿಟ್ಟು ಶರಣಾಗುವುದರಿಂದ ಆತನ ಸಂಬೋಧನೆಯಲ್ಲಿ ಏರಿಳಿತವಿರುವುದಿಲ್ಲ. ಬಹಳ ಬೆಟ್ಟ ಹತ್ತಿದವನು ಮಾತೇ ಆಡುವುದಿಲ್ಲ. ಇವರಿಬ್ಬರ ನಡುವೆ ಇರುವ ಅನುಭವಸ್ಥನು ಸ್ಕಂದಗಿರಿಯನ್ನು ಎರಡು ಸಲ ರಾತ್ರಿಯಲ್ಲಿ ಹತ್ತಿರುತ್ತಾನೆ, ಸಾವನದುರ್ಗವನ್ನು ಮುಕ್ಕಾಲು ಭಾಗ ಕಂಡಿರುತ್ತಾನೆ, ಮತ್ತು ಉತ್ತರಾಖಂಡದ ಕೇದಾರಕಂಠದಲ್ಲಿ ಹಿಮದ ಮೇಲೆ ತೆಗೆಸಿಕೊಂಡ ಒಂದು ಫೋಟೊದ ಬಲದಿಂದ ಪ್ರಪಂಚದ ಸಮಸ್ತ ಪರ್ವತಗಳ ಬಗ್ಗೆ ಅಭಿಪ್ರಾಯ ಹೊಂದಿರುತ್ತಾನೆ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಡುವ ಬಸ್ಸಿನಲ್ಲಿ ಇತರರು ನಿದ್ದೆ ಮಾಡಲು ಯತ್ನಿಸುತ್ತಿರುವಾಗ ಆತನು, 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಈ ಬೆಟ್ಟದ ಬುಡಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ್ದನ್ನೂ, ಆಮೇಲೆ ಚಾರಣವನ್ನು ಕೆಲಕಾಲ ನಿಲ್ಲಿಸಿ ಆನ್‌ಲೈನ್ ಬುಕಿಂಗಿನ ಕಟ್ಟಳೆ ತಂದದ್ದನ್ನೂ ವಿವರಿಸಿ, ಅಂಥ ಗುಂಪಿನ ಮಂದಿಗೆ ಬೆಟ್ಟವೆಂದರೇನೆಂದು ಗೊತ್ತಿಲ್ಲವೆಂದು ಮರುಗುತ್ತಾನೆ. ಆ ಗುಂಪಿನಲ್ಲಿ ತಾನೂ ಇದ್ದುದು ಮಾತಿನ ಭರದಲ್ಲಿ ಹೇಗೋ ಹೊರಬೀಳುತ್ತದೆ.

ಗೈಡಿನ ವಿಷಯಕ್ಕೆ ಬಂದರೆ, ಆತನ ಕಾಲಲ್ಲಿ ರಬ್ಬರ್ ಚಪ್ಪಲಿ, ಹೆಗಲಲ್ಲಿ ಒಂದು ಸಣ್ಣ ಚೀಲ, ಬಾಯಲ್ಲಿ ‘ಹೌದಾ ಸರ್’ ಎಂಬ ಎರಡು ಶಬ್ದಗಳು ಮಾತ್ರ ಇರುತ್ತವೆ. ಈ ಮೂರನ್ನೂ ಅನುಭವಸ್ಥನು ತರಬೇತಿಯ ಕೊರತೆಯೆಂದು ಭಾವಿಸುವುದರಿಂದ, ಕಾಡಿನ ಏರು ಆರಂಭವಾಗುತ್ತಿದ್ದಂತೆಯೇ ಗೈಡಿಗೆ ಉಸಿರಾಟದ ಕ್ರಮ, ನೀರು ಕುಡಿಯುವ ಲೆಕ್ಕ ಮತ್ತು ಮಡಚಿ ಕೈಚೀಲದಲ್ಲಿಡಬಹುದಾದ ತನ್ನ ಟ್ರೆಕ್ಕಿಂಗ್ ಕೋಲಿನ ಉಪಯೋಗಗಳನ್ನು ಬೋಧಿಸತೊಡಗುತ್ತಾನೆ. ಮೊಬೈಲಿನ ನಕ್ಷೆಯಲ್ಲಿ ದಾರಿ ಎಡಕ್ಕೆ ತೋರಿಸುತ್ತಿರುವಾಗ ಬಲಕ್ಕೆ ಯಾಕೆ ಹೋಗುತ್ತಿದ್ದೇವೆಂದು ಆಕ್ಷೇಪಿಸಿದರೆ, ‘ಎಡಕ್ಕೂ ದಾರಿ ಉಂಟು ಸರ್, ಅದರಲ್ಲಿ ಬೇಗ ಕೆಳಗೆ ಮುಟ್ಟಬಹುದು’ ಎಂದು ಗೈಡು ವಿನಯದಿಂದ ಹೇಳುತ್ತಾನೆ. ಕೆಳಗೆ ಎಂದರೆ ಎಷ್ಟು ಕೆಳಗೆ ಎಂದು ಅನುಭವಸ್ಥನು ಕೇಳುವುದಿಲ್ಲ. ಇಂಬಳಗಳು ಮಾತ್ರ ಅನುಭವವುಳ್ಳವನು, ಇಲ್ಲದವನು ಎಂಬ ಭೇದವೆಣಿಸದೆ ತಮ್ಮ ಪಾಲನ್ನು ವಸೂಲು ಮಾಡುತ್ತವೆ.

ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆಗಳ ಊಟವಾದ ಮೇಲೆ ನಡೆಯುವ ಉಪನ್ಯಾಸವೇ ಈ ಚಾರಣದ ಬೌದ್ಧಿಕ ಶಿಖರ. ಅನುಭವಸ್ಥನು ಅಲ್ಲಿ ಜತೆಯವರಿಗೆ ‘ಸ್ಕ್ರ್ಯಾಂಬ್ಲಿಂಗ್’ ಎಂಬುದನ್ನು ವಿವರಿಸುತ್ತಾನೆ. ಬರಿಯ ಕಾಲಿನಿಂದ ನಡೆಯುವುದಕ್ಕಿಂತ ಹೆಚ್ಚಿನದಾಗಿ, ಹಗ್ಗ ಕಟ್ಟಿ ಬಂಡೆಯೇರುವುದಕ್ಕಿಂತ ಕಡಿಮೆಯದಾಗಿ, ಕೈಯೂರಿ ಹಿಡಿದು ಸಾಗಬೇಕಾದ ನಡುವಿನ ವಿದ್ಯೆಗೆ ಆ ಹೆಸರು. ಅದರ ಮೂಲಸೂತ್ರವನ್ನು ಮೂರಾಸರೆಯ ನಿಯಮವೆನ್ನಬಹುದು: ಎರಡು ಕೈ ಎರಡು ಕಾಲುಗಳಲ್ಲಿ ಯಾವಾಗಲೂ ಮೂರು ಬಂಡೆಗೆ ತಗುಲಿಕೊಂಡಿರಬೇಕು, ನಾಲ್ಕನೆಯದು ಮಾತ್ರ ಮುಂದಿನ ಹಿಡಿತವನ್ನು ಹುಡುಕಬೇಕು, ಸಿಕ್ಕ ಹಿಡಿತವನ್ನು ಅಲುಗಾಡಿಸಿ ನೋಡದೆ ಭಾರ ಹಾಕಬಾರದು. ಉಪನ್ಯಾಸವು ನಿರ್ದುಷ್ಟವಾದುದು ಎಂಬುದನ್ನು ಒಪ್ಪಲೇಬೇಕು. ಗೈಡು ಎರಡನೆಯ ಸಲ ಮಜ್ಜಿಗೆ ಹಾಕಿಸಿಕೊಂಡು ಅದನ್ನು ಪೂರ್ತಿ ಕೇಳುತ್ತಾನೆ.

ಗಿರಿಗದ್ದೆಯ ನಂತರ ಮರಗಳು ಹಿಂದೆ ಸರಿದು ಹುಲ್ಲಿನ ಬೋಳುದಾರಿ ಮೊದಲಾಗುತ್ತದೆ. ಕಲ್ಲು ಮಂಟಪದಿಂದ ಮೇಲೆ, ಕುಕ್ಕೆಯಿಂದ ನೋಡುವವರಿಗೆ ಹೆಡೆಯೆತ್ತಿದ ಹಾವಿನಂತೆ ಕಾಣುವ ಶೇಷ ಪರ್ವತದ ಏಣು ಸಿಗುತ್ತದೆ. ಏಣು ಎಂದರೆ ಬೆಟ್ಟದ ಎರಡು ಇಳಿಜಾರುಗಳು ಮೇಲೆ ಕೂಡುವ ಅಂಚು, ಹಂಚಿನ ಮಾಡಿನ ನೆತ್ತಿಯ ಸಾಲಿನ ಹಾಗೆ. ಇಲ್ಲಿ ದಾರಿ ಕಷ್ಟದ್ದಲ್ಲ, ಆದರೆ ಪಕ್ಕದಲ್ಲಿ ನೆಲವೇ ಇಲ್ಲ. ಕಾಲು ತಪ್ಪಿದರೆ ನಡುವೆ ತಡೆಯುವಂಥದು ಏನೂ ಇಲ್ಲದ ಈ ಸ್ಥಿತಿಯನ್ನು ಪರ್ವತಾರೋಹಿಗಳು ‘ಎಕ್ಸ್‌ಪೋಷರ್’ ಎನ್ನುತ್ತಾರೆ. ಅದು ಪಾದಕ್ಕಿಂತ ಹೆಚ್ಚಾಗಿ ಮನಸ್ಸಿಗೆ ತಗಲುವ ಕಾಯಿಲೆ, ಏಕೆಂದರೆ ಅಂಗಳದಲ್ಲಿ ಎಳೆದ ಒಂದಡಿ ಅಗಲದ ಪಟ್ಟಿಯ ಮೇಲೆ ಓಡಾಡಬಲ್ಲವನೇ ಅಷ್ಟೇ ಅಗಲದ ಪಟ್ಟಿಯನ್ನು ಪ್ರಪಾತದ ಬದಿಯಲ್ಲಿ ಕಂಡಾಗ ನಡೆಯುವುದನ್ನು ಮರೆಯುತ್ತಾನೆ. ಗೈಡಿಗೆ ಈ ಕಾಯಿಲೆ ಬಾರದಿರುವುದಕ್ಕೆ ಯಾವ ರಹಸ್ಯವೂ ಇಲ್ಲ. ಹಳ್ಳಕ್ಕೆ ಅಡ್ಡಲಾಗಿ ಒಂದೆರಡು ಅಡಿಕೆ ಮರಗಳನ್ನು ಹಾಸಿದ ಕಾಲುಸೇತುವೆಗೆ ಆ ಸೀಮೆಯಲ್ಲಿ ಸಂಕವೆನ್ನುತ್ತಾರೆ, ಮತ್ತು ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪುಸ್ತಕದ ಚೀಲ ಹಿಡಿದು, ಕೆಳಗೆ ಕೆಂಪು ನೀರು ಮೊರೆಯುತ್ತಿರುವಾಗ ಅದನ್ನು ದಾಟಿ ಶಾಲೆಗೆ ಹೋದವನಿಗೆ ಏಣು ವಿಶಾಲವಾದ ರಸ್ತೆಯೇ ಸರಿ.

ಅನುಭವಸ್ಥನ ಮೌನ ಇಲ್ಲಿಂದ ಆರಂಭವಾಗುತ್ತದೆ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಕೋಲು ಇರುವುದರಿಂದ ಆತನ ಮೂರಾಸರೆಯು ಎರಡಕ್ಕೆ ಇಳಿದಿರುತ್ತದೆ. ಬದಿಯಿಂದ ಒಂದು ಬೀಸುಗಾಳಿ ಬಂದದ್ದೇ ತಡ, ಮೊಬೈಲು ಜೇಬು ಸೇರಿ, ಕೈ, ಕಾಲು, ಮೊಣಕಾಲು, ಹೊಟ್ಟೆ, ಕೊನೆಗೆ ಹಣೆಯೂ ನೆಲಕ್ಕೆ ತಗುಲಿ, ನಿಯಮವು ಕೇಳಿದ್ದರ ಎರಡು ಪಟ್ಟಿಗೂ ಮಿಕ್ಕಿದ ಆಸರೆಗಳು ಒದಗಿಬರುತ್ತವೆ. ‘ಅಣ್ಣಾ’ ಎಂಬ ಶಬ್ದವು ಆ ಭಂಗಿಯಲ್ಲೇ ಹೊರಡುವುದು. ‘ಹುಲ್ಲು ಹಿಡೀಬೇಡಿ ಸರ್, ಅದು ಕಿತ್ತು ಬರ್ತದೆ, ಈ ಕಲ್ಲು ಹಿಡೀರಿ’ ಎಂದು ಗೈಡು ಹೇಳಿದಾಗ, ಬೆಳಗಿನಿಂದ ಮೊದಲ ಸಲ, ಆಕ್ಷೇಪವಿಲ್ಲದೆ ಒಂದು ಸೂಚನೆಯ ಪಾಲನೆಯಾಗುತ್ತದೆ.

ಶೇಷ ಪರ್ವತದಿಂದ ಇಳಿದು ಶೋಲಾ ಕಾಡನ್ನು, ಎಂದರೆ ಹುಲ್ಲುಗಾವಲುಗಳ ನಡುವಿನ ಕಣಿವೆಯಲ್ಲಿ ಬೆಳೆಯುವ ದಟ್ಟವಾದ ಗಿಡ್ಡ ಮರಗಳ ಕಾಡನ್ನು, ದಾಟಿದ ಮೇಲೆ ಶಿಖರಕ್ಕೆ ಮುನ್ನ ಒದ್ದೆಯಾದ ಹಾಸುಬಂಡೆಯೊಂದು ಎದುರಾಗುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದು ಗಾದೆ ಮಾಡಿದವರು, ಹತ್ತಿರ ಹೋದ ಮೇಲೂ ನುಣ್ಣಗಿರುವ ಈ ಬಂಡೆಯನ್ನು ನೋಡಿರಲಾರರು. ಇಲ್ಲಿಯ ತತ್ತ್ವ ವಿಚಿತ್ರವಾದುದು: ನೆಟ್ಟಗೆ ನಿಂತವನ ದೇಹದ ಭಾರ ಅಂಗಾಲಿನ ಮೇಲೆ ನೇರವಾಗಿ ಬಿದ್ದು ಪಾದ ಬಂಡೆಗೆ ಕಚ್ಚಿಕೊಳ್ಳುತ್ತದೆ, ಹೆದರಿ ಬಂಡೆಯನ್ನು ಅಪ್ಪಿಕೊಂಡವನ ಪಾದ ಹೊರಕ್ಕೆ ತಳ್ಳಲ್ಪಟ್ಟು ಜಾರುತ್ತದೆ, ಅಂದರೆ ಧೈರ್ಯವಿದ್ದವನಿಗೆ ಧೈರ್ಯ ಬೇಕಾಗುವುದಿಲ್ಲ, ಇಲ್ಲದವನಿಗೆ ಅದು ಸಾಲದಾಗುತ್ತದೆ. ಅನುಭವಸ್ಥನು ಅಪ್ಪಿಕೊಳ್ಳುವ ಪಂಥದವನು. ಚಪ್ಪಲಿ ಕಳಚಿ ಬರಿಗಾಲಲ್ಲಿ ನಿಂತ ಗೈಡಿನ ಕಡೆ ನೋಡಿ ಆತನು ಆಗ ಕೂಗುವ ಶಬ್ದ ‘ಅಮ್ಮಾ’. ಅದು ಉದ್ಗಾರವೋ ಸಂಬೋಧನೆಯೋ ಎಂಬ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಅವಕಾಶವಿದ್ದರೂ, ಗೈಡು ಅದನ್ನು ಸಂಬೋಧನೆಯೆಂದೇ ತಿಳಿದು ಕೈ ಚಾಚುತ್ತಾನೆ. ಕೋಲನ್ನು ಗೈಡಿನ ಕೈಗೆ ದಾಟಿಸುವುದೂ ಈ ಸಂದರ್ಭದಲ್ಲೇ: ‘ಇದನ್ನ ನೀವೇ ಇಟ್ಕೊಂಡ್ಬಿಡಿ.’

ಶಿಖರದಲ್ಲಿ ಫೋಟೊ ತೆಗೆಯಲಾಗುತ್ತದೆ. ಮಂಜಿರುವುದರಿಂದ ಅದರಲ್ಲಿ ಬೆಟ್ಟ ಕಾಣುವುದಿಲ್ಲ, ಅನುಭವಸ್ಥನು ಕಾಣುತ್ತಾನೆ.

ಇಳಿಯುವಾಗ ಬಂಡೆಯ ಕಡೆಗೆ ಮುಖ ಮಾಡಿ, ಗೈಡು ಕೈಯಿಂದ ಹಿಡಿದು ಇಟ್ಟಲ್ಲೇ ಪಾದವಿಡುತ್ತ, ಆತನು ‘ಅಮ್ಮಾ’ನಿಂದ ‘ಅಣ್ಣಾ’ನಿಗೆ ಬರುತ್ತಾನೆ. ಮಂಟಪದ ಬಳಿ ಮೊಬೈಲು ಮತ್ತೆ ಜೇಬಿನಿಂದ ಹೊರಬರುತ್ತದೆ. ಗಿರಿಗದ್ದೆಯಲ್ಲಿ ‘ಬಾಸ್, ಆ ಬಂಡೆಗೆ ಒಂದು ಕಬ್ಬಿಣದ ಸರಪಳಿ ಹಾಕ್ಸಿ’ ಎಂಬ ಸಲಹೆ ದೊರೆಯುತ್ತದೆ. ರಥಬೀದಿಯನ್ನು ಮುಟ್ಟುವಾಗ, ಹೋಗಿ ಬರುವ 20 ಕಿಲೋಮೀಟರಿಗೂ ಮಿಕ್ಕಿದ ಆ ದಾರಿಯು ಸುಲಭವೆಂದೂ, ಗೈಡಿನ ಅಗತ್ಯವೇ ಬೀಳಲಿಲ್ಲವೆಂದೂ ವಾಟ್ಸ್‌ಆ್ಯಪ್ ಗುಂಪಿಗೆ ವರದಿ ಹೋಗಿರುತ್ತದೆ, ಮತ್ತು ‘ಏನಪ್ಪಾ, ಎಷ್ಟಾಯ್ತು?’ ಎಂಬ ಪ್ರಶ್ನೆಯೊಂದಿಗೆ ಸಂಬೋಧನೆಯು ತನ್ನ ಮೂಲಸ್ಥಾನಕ್ಕೆ ಮರಳುತ್ತದೆ. ಕೋಲಿನ ನೆನಪು ಆತನಿಗೆ ಬಸ್ಸು ಹೊರಟ ಮೇಲೆ ಬರುತ್ತದೆ. ಅಷ್ಟು ಹೊತ್ತಿಗೆ ಅದು ಗೈಡಿನ ಮನೆಯ ಹಿತ್ತಲಿನಲ್ಲಿ, ಹಿಂದಿನ ವಾರಗಳ ಮೂರು ಕೋಲುಗಳ ಪಕ್ಕದಲ್ಲಿ, ಬಸಳೆಯ ಚಪ್ಪರಕ್ಕೆ ನಾಲ್ಕನೆಯ ಮೂಲೆಯ ಆಸರೆಯಾಗಿ ನಿಂತಿರುತ್ತದೆ.