ಪಿಯುಸಿ ರಿಸಲ್ಟ್ ಬರೂ ತನಕ ಕಾಯಬ್ಯಾಡ್ರಿ

"ಸರ, ನಮ್ಮ ಹುಡುಗಿ ವಾಲಿಬಾಲ್ ಚಲೋ ಆಡ್ತಾಳಂತ ಸಾಲ್ಯಾಗ ಎಲ್ಲಾರೂ ಅಂತಾರ. ಮುಂದ ಕಾಲೇಜಿಗೆ ಅದರ ಮ್ಯಾಲೆ ಸೀಟ್ ಸಿಗತೈತೇನ್ರಿ?"

ಪಕ್ಕದ ಮನೆಯ ಅಕ್ಕಾರು ಬೇಲಿಯಾಚೆ ನಿಂತು ಹೀಗೆ ಕೇಳಿದರು. ಹುಡುಗಿ ಒಂಬತ್ತನೇ ಇಯತ್ತೆ. "ಸಿಗತೈತ್ರಿ ಅಕ್ಕಾರ, ಆದ್ರ ಅದರ ತಯಾರಿ ಇವತ್ತಿಂದ ಹಿಡೀಬೇಕು" ಅಂದೆ. "ಇವತ್ತಿಂದನ? ಇನ್ನಾ ಎಸ್ಸೆಸ್ಸೆಲ್ಸೀನ ಆಗಿಲ್ಲಲ್ರೀ!" ಅಂತ ಅವರು ಗಾಬರಿಯಾದರು. ಗಾಬರಿಯಾಗುವ ಮಾತೇನಲ್ಲ, ಆದರೆ ಕೂತು ಮಾತಾಡಬೇಕಾದ ಮಾತು. ನಮ್ಮ ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದಲ್ಲಿ ಆಡುವ ಮಕ್ಕಳಿಗೆ ಬರವಿಲ್ಲ. ಅವರು ಕಾಲೇಜಿನ ಅಂಗಳ ಮುಟ್ಟುವುದರೊಳಗೆ ಎಲ್ಲಿ ಕಳೆದುಹೋಗುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡಿದವರಿಗೆ ಹೊಟ್ಟೆ ಉರಿಯುತ್ತದೆ.

ಪಿಯುಸಿ ರಿಸಲ್ಟ್ ಬಂದ ಮೇಲೆ ಒಂದು ಕೈಯಲ್ಲಿ ಮಾರ್ಕ್ಸ್ ಕಾರ್ಡ್, ಇನ್ನೊಂದು ಕೈಯಲ್ಲಿ ಕಪ್ಪು ಹಿಡಿದು ನಿಂತ ಫೋಟೊ ತೆಗೆದುಕೊಂಡು ತಂದೆ-ತಾಯಿ ಓಡಾಡುತ್ತಾರೆ. ಅಷ್ಟೊತ್ತಿಗೆ ಮಾಡಬಹುದಾಗಿದ್ದರಲ್ಲಿ ಮುಕ್ಕಾಲು ಮುಗಿದಿರುತ್ತದೆ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ನಿಜ. ಆದರೆ ಅದನ್ನು ಕೇಳಬೇಕಾದ್ದು ಅರ್ಜಿ ತುಂಬುವ ಹೊತ್ತಿಗೇ, ಪರೀಕ್ಷೆಗಿಂತ ಮೊದಲೇ. ಅಲ್ಲಿ ಕೇಳುವುದು ಕಪ್ಪಿನ ಫೋಟೊ ಅಲ್ಲ, ಹೈಸ್ಕೂಲು ಮತ್ತು ಪಿಯು ವರ್ಷಗಳಲ್ಲಿ ಮಾನ್ಯತೆ ಇರುವ ಟೂರ್ನಮೆಂಟಿನಲ್ಲಿ ಆಡಿದ ಪ್ರಮಾಣಪತ್ರ. ಅದನ್ನು ಪರಿಶೀಲಿಸುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಊರ ಜಾತ್ರೆಯಲ್ಲಿ ಗೆದ್ದ ಢಾಲು ಎಷ್ಟೇ ದೊಡ್ಡದಿದ್ದರೂ ಆ ಟೇಬಲ್ಲಿನ ಮುಂದೆ ಲೆಕ್ಕಕ್ಕಿಲ್ಲ.

"ಹಂಗಾರ ಲೆಕ್ಕಕ್ಕ ಬರೂದು ಯಾವುದ್ರಿ?" ಅಂದರು ಅಕ್ಕಾರು.

ಲೆಕ್ಕಕ್ಕೆ ಬರುವುದು ಸಾಲಿಯ ಹಾದಿ. 14ರೊಳಗೆ, 17ರೊಳಗೆ, 19ರೊಳಗೆ ಅಂತ ವಯಸ್ಸಿನ ಮೂರು ವಿಭಾಗ. ತಾಲೂಕಿನಲ್ಲಿ ಗೆದ್ದರೆ ಜಿಲ್ಲೆ. ಇಲ್ಲಿ ಒಂದು ಮಾತು: ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ನಾವು ಬೆಳಗಾವಿ ಜಿಲ್ಲೆಯಲ್ಲಿಲ್ಲ, ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿದ್ದೇವೆ. ಹುಕ್ಕೇರಿ, ಗೋಕಾಕ, ಮೂಡಲಗಿ, ರಾಯಬಾಗ, ಅಥಣಿ, ನಿಪ್ಪಾಣಿ ಎಲ್ಲ ಅದರೊಳಗೇ. ಹೈಸ್ಕೂಲಿನವರು ಚಿಕ್ಕೋಡಿ ಗೆದ್ದು ವಿಭಾಗ ಮಟ್ಟಕ್ಕೆ, ಅಲ್ಲಿಂದ ರಾಜ್ಯಕ್ಕೆ ಹೋಗಬೇಕು. ರಾಜ್ಯದ ತಂಡಕ್ಕೆ ಆಯ್ಕೆಯಾದರೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಈ ಏಣಿಯ ಒಂದೊಂದು ಮೆಟ್ಟಿಲಿಗೂ ಒಂದೊಂದು ಕಾಗದ ಹುಟ್ಟುತ್ತದೆ. ಆ ಕಾಗದ ಸಾಲಿಯ ಆಫೀಸಿನ ಕಪಾಟಿನಲ್ಲಿ ಉಳಿದು, ಹೆಡ್‌ಮಾಸ್ತರರು ವರ್ಗವಾಗಿ, ಕೊನೆಗೆ ಯಾರಿಗೂ ಸಿಗದೆ ಹೋಗುವುದು ಬಹಳ ಸಲ ಆಗಿದೆ. ಆಟ ಮುಗಿದ ವಾರದಲ್ಲೇ ಪ್ರಮಾಣಪತ್ರ ಮನೆಗೆ ಬರಬೇಕು. ಹೆಸರು, ಹುಟ್ಟಿದ ತಾರೀಖು ಜನನ ಪ್ರಮಾಣಪತ್ರದಲ್ಲಿ, ಆಧಾರ್ ಕಾರ್ಡಿನಲ್ಲಿ, ಸಾಲಿಯ ದಾಖಲೆಯಲ್ಲಿ ಒಂದೇ ರೀತಿ ಇರಬೇಕು. ತಂದೆಯ ಹೆಸರು ಒಂದರಲ್ಲಿ, ಅಡ್ಡಹೆಸರು ಇನ್ನೊಂದರಲ್ಲಿ ಇದ್ದರೆ ಒಂಬತ್ತನೇ ಇಯತ್ತೆಯಲ್ಲಿ ಸರಿ ಮಾಡಿಸುವುದು ಸುಲಭ. ಸೀಟು ಹಂಚುವ ವಾರದಲ್ಲಿ ಸರಿ ಮಾಡಿಸಲು ಹೊರಟರೆ ಸೀಟು ಬೇರೆಯವರಿಗೆ ಹೋಗಿರುತ್ತದೆ.

ಈ ಕಾಗದಗಳು ಕಾಲೇಜಿಗೆ ಮಾತ್ರ ಅಲ್ಲ. ಕೇಂದ್ರ ಸರಕಾರದ ಕ್ರೀಡಾ ಕೋಟಾ ನೌಕರಿಗೆ ನಿಗದಿಯಾದ ನಮೂನೆಗಳಿವೆ. ದೇಶಕ್ಕೆ ಆಡಿದವರಿಗೆ ಫಾರ್ಮ್ 1, ರಾಜ್ಯಕ್ಕೆ ಆಡಿದವರಿಗೆ ಫಾರ್ಮ್ 2, ಯೂನಿವರ್ಸಿಟಿಗೆ ಆಡಿದವರಿಗೆ ಫಾರ್ಮ್ 3, ರಾಷ್ಟ್ರೀಯ ಶಾಲಾ ಕೂಟದಲ್ಲಿ ರಾಜ್ಯದ ಸಾಲಿಗಳ ಪರವಾಗಿ ಆಡಿದವರಿಗೆ ಫಾರ್ಮ್ 4. ಅಂದರೆ ಕಾಲೇಜಿಗೆ ಸೇರಿ ಯೂನಿವರ್ಸಿಟಿ ತಂಡದಲ್ಲಿ ಆಡಿದ ಹುಡುಗಿಗೆ ಮುಂದೆ ರೈಲ್ವೆಯಂಥ ಕಡೆ ಅರ್ಜಿ ಹಾಕುವ ಬಾಗಿಲು ತೆರೆಯುತ್ತದೆ. ಕಾಲೇಜಿನ ಆಯ್ಕೆಯನ್ನು ಇಷ್ಟು ದೂರ ನೋಡಿಯೇ ಮಾಡಬೇಕು ಅನ್ನುವುದು ನನ್ನ ಹಟ.

ಇನ್ನು ಆಟದ ಮಾತು. ನಮ್ಮ ಹಳ್ಳಿಗಳಲ್ಲಿ ಸಂಜೆ ಕಬ್ಬಿನ ಗದ್ದೆಯಿಂದ ಬಂದವರು ಆಡುವುದು ಹೆಚ್ಚಾಗಿ ಶೂಟಿಂಗ್ ವಾಲಿಬಾಲ್. ಎರಡೂ ಕೈ ಜೋಡಿಸಿ ಚೆಂಡನ್ನು ನೆಟ್ಟಿನಾಚೆ ಬಡಿಯುವ ಆಟ. ಅದರ ಬಿರುಸೇ ಬೇರೆ, ಅದನ್ನು ಆಡಿದವರ ಕಣ್ಣು-ಕಾಲು ಚುರುಕಾಗುತ್ತವೆ. ಆದರೆ ಕಾಲೇಜಿನವರು ನೋಡುವುದು ಸ್ಮ್ಯಾಶಿಂಗ್ ಆಟ: ಅಂಡರ್‌ಹ್ಯಾಂಡಿನಲ್ಲಿ ಚೆಂಡು ಎತ್ತಬೇಕು, ಲಿಫ್ಟರ್ ಲಿಫ್ಟ್ ಮಾಡಬೇಕು, ಮೂರನೆಯವರು ಹೊಡೆಯಬೇಕು. ಶೂಟಿಂಗ್‌ನಲ್ಲಿ ಹೆಸರು ಮಾಡಿದ ಹುಡುಗರು ಸೆಲೆಕ್ಷನ್‌ಗೆ ಹೋಗಿ ಮೊದಲನೇ ಸರ್ವಿಸನ್ನೇ ಪಾಸ್ ಕೊಡಲಾರದೆ ತಲೆ ತಗ್ಗಿಸಿ ಬಂದಿದ್ದಾರೆ. ಶಕ್ತಿ ಕಡಿಮೆಯಿತ್ತು ಅಂತಲ್ಲ, ಆ ಆಟವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಅಕ್ಕಾರ ಮಗಳು ತನ್ನ ವರ್ಗದಲ್ಲೇ ಎತ್ತರದವಳು. ಅದಕ್ಕೇ ಅವಳನ್ನು ನೆಟ್ಟಿನ ಹತ್ತಿರ ನಿಲ್ಲಿಸಿ ಬರೀ ಹೊಡೆಸುತ್ತಾರೆ. ಇಲ್ಲೊಂದು ಎಚ್ಚರ ಬೇಕು. ಹೆಣ್ಣುಮಕ್ಕಳ ಎತ್ತರ ಸಾಮಾನ್ಯವಾಗಿ ಹದಿನೈದರ ಆಸುಪಾಸಿನಲ್ಲಿ ನಿಲ್ಲುತ್ತ ಬರುತ್ತದೆ. ಇವತ್ತು ವರ್ಗದಲ್ಲಿ ಎಲ್ಲರಿಗಿಂತ ಎತ್ತರ ಇದ್ದವಳು ಯೂನಿವರ್ಸಿಟಿ ಕ್ಯಾಂಪಿನಲ್ಲಿ ನಡುವಿನವಳಾಗಬಹುದು. ಹೆಂಗಸರ ನೆಟ್ಟು 2.24 ಮೀಟರ್, ಗಂಡಸರದು 2.43. ಆ ನೆಟ್ಟಿನ ಮೇಲೆ ಕೈ ಎಷ್ಟು ಬರುತ್ತದೆ ಅನ್ನುವುದನ್ನು ಮನೆಯ ಗೋಡೆಯ ಮೇಲೇ ನೋಡಬಹುದು. ಬೆರಳಿಗೆ ಚಾಕ್‌ಪೀಸ್ ಪುಡಿ ಹಚ್ಚಿಕೊಂಡು ನಿಂತಲ್ಲೇ ಕೈ ಎತ್ತಿದ ಗುರುತು ಒಂದು, ಓಡಿಬಂದು ಜಿಗಿದು ಹೊಡೆಯುವಾಗಿನ ಗುರುತು ಇನ್ನೊಂದು, ಬ್ಲಾಕಿಗೆ ಜಿಗಿದದ್ದು ಮತ್ತೊಂದು. ಆರು ತಿಂಗಳಿಗೊಮ್ಮೆ ಅಳೆದು ತಾರೀಖಿನ ಜೊತೆ ಬರೆದಿಟ್ಟರೆ, ಯಾವ ಕೋಚ್ ಕೇಳಿದರೂ ಅಂಕಿ ಸಿದ್ಧ. ಬರೀ ಎತ್ತರದ ಮೇಲೆ ಭಾರ ಹಾಕದೆ ಪಾಸು, ಲಿಫ್ಟು ಎರಡನ್ನೂ ಈಗಲೇ ಕಲಿಸಬೇಕು. ಹೈಸ್ಕೂಲು ದಾಟಿದ ಮೇಲೆ ಅಂಡರ್‌ಹ್ಯಾಂಡು ತಿದ್ದುವುದು ಬಹಳ ಕಷ್ಟ.

ಗಿಡ್ಡ ಮಕ್ಕಳ ತಾಯಂದಿರು ಇದನ್ನು ಓದುತ್ತಿದ್ದರೆ ಒಂದು ಮಾತು. 1998ರಿಂದ ಅಂತರರಾಷ್ಟ್ರೀಯ ಆಟದಲ್ಲಿ ಲಿಬೆರೊ ಅನ್ನುವ ಜಾಗ ಬಂದಿದೆ. ಬೇರೆ ಬಣ್ಣದ ಅಂಗಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಆಡುವವರು. ಅವರು ಸ್ಮ್ಯಾಶ್ ಹೊಡೆಯುವ ಹಾಗಿಲ್ಲ, ಬ್ಲಾಕ್ ಮಾಡುವ ಹಾಗಿಲ್ಲ. ನೆಲಕ್ಕೆ ಬೀಳುವ ಚೆಂಡನ್ನು ಎತ್ತುವುದೇ ಕೆಲಸ. ಒಳ್ಳೆಯ ಲಿಬೆರೊ, ಒಳ್ಳೆಯ ಲಿಫ್ಟರ್ ಸಿಗುವುದು ಎತ್ತರದ ಸ್ಮ್ಯಾಶರ್ ಸಿಗುವುದಕ್ಕಿಂತ ಅಪರೂಪ. ಕಾಲೇಜಿನ ಕೋಚುಗಳು ಇವರನ್ನು ಹುಡುಕುತ್ತಲೇ ಇರುತ್ತಾರೆ.

"ನಮ್ಮ ತಮ್ಮನ ಮಗಳು ಅಮೆರಿಕಾದಾಗ ಇದನ್ನ ಆಡತಾಳ್ರಿ. ಅಲ್ಲಿ ಕಾಲೇಜಿನವರ ಹುಡಿಕ್ಕೊಂಡು ಬರ್ತಾರಂತ" ಅಂದರು ಅಕ್ಕಾರು ನಡುವೆ.

ಹೌದು, ಬರುತ್ತಾರೆ. ಅಲ್ಲಿ 1972ರಲ್ಲಿ ಟೈಟಲ್ ನೈನ್ ಅನ್ನುವ ಕಾನೂನು ಬಂದ ಮೇಲೆ ಕಾಲೇಜುಗಳು ಹೆಣ್ಣುಮಕ್ಕಳ ಆಟಕ್ಕೂ ಹಣ, ವಿದ್ಯಾರ್ಥಿವೇತನ ಕೊಡಬೇಕಾಯಿತು. 2023ರ ಆಗಸ್ಟ್ 30ರಂದು ನೆಬ್ರಾಸ್ಕಾ ಯೂನಿವರ್ಸಿಟಿಯ ಹುಡುಗಿಯರ ಒಂದು ವಾಲಿಬಾಲ್ ಪಂದ್ಯ ನೋಡಲು ಸ್ಟೇಡಿಯಂನಲ್ಲಿ 92,003 ಮಂದಿ ಸೇರಿದ್ದರು. ಅಲ್ಲಿನ ಮೇಲ್ದರ್ಜೆಯ ಕಾಲೇಜುಗಳ ಕೋಚುಗಳು ಹುಡುಗಿಯ ಜೊತೆ ಸೇರ್ಪಡೆಯ ಮಾತು ಆಡಬಹುದಾದ್ದು ಅವಳು ಹತ್ತನೇ ವರ್ಗ ಮುಗಿಸಿದ ಬಳಿಕದ ಜೂನ್ 15ರಿಂದ. ಅದಕ್ಕಿಂತ ಮೊದಲು ಮಾತಾಡಬಾರದು ಅಂತ ನಿಯಮವನ್ನೇ ಮಾಡಬೇಕಾಯಿತು, ಅಷ್ಟು ಬೇಗ ಅವರು ಮಕ್ಕಳನ್ನು ನೋಡಿಟ್ಟುಕೊಳ್ಳುತ್ತಿದ್ದರು. ನಮ್ಮ ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಅಲ್ಲಿ ಮಾತುಕತೆ ಶುರು. ನಮ್ಮಲ್ಲಿ ಹುಕ್ಕೇರಿ ತಾಲೂಕಿನ ಸಾಲಿಯ ಗ್ರೌಂಡಿಗೆ ಯಾವ ಕೋಚೂ ಹುಡುಕಿಕೊಂಡು ಬರುವುದಿಲ್ಲ. ಆದ್ದರಿಂದ ನಾವೇ ಬರೆಯಬೇಕು, ನಾವೇ ಫೋನ್ ಹಚ್ಚಬೇಕು, ವಿಡಿಯೊ ಕಳಿಸಬೇಕು.

ವಿಡಿಯೊ ಅಂದರೆ ಬರೀ ಸ್ಮ್ಯಾಶುಗಳನ್ನು ಕತ್ತರಿಸಿ ಹಾಡು ಕೂಡಿಸಿದ್ದಲ್ಲ. ಅಂಕಣದ ಹಿಂದಿನ ಮೂಲೆಯಲ್ಲಿ, ಸ್ವಲ್ಪ ಎತ್ತರದಲ್ಲಿ ಮೊಬೈಲ್ ನಿಲ್ಲಿಸಿ ಒಂದು ಸೆಟ್ ಪೂರ್ತಿ ಹಿಡಿಯಬೇಕು. ಪಾಯಿಂಟ್ ಹೋದ ಮೇಲೆ ಹುಡುಗಿ ಏನು ಮಾಡುತ್ತಾಳೆ, ಚೆಂಡು ತನ್ನ ಕಡೆ ಬಾರದಾಗ ಎಲ್ಲಿ ನಿಲ್ಲುತ್ತಾಳೆ, ಗೆಳತಿ ತಪ್ಪಿದಾಗ ಮುಖ ಹೇಗೆ ಮಾಡುತ್ತಾಳೆ, ಇದನ್ನೆಲ್ಲ ತಿಳಿದ ಕೋಚ್ ನೋಡುತ್ತಾನೆ.

ಎಲ್ಲಿಗೆ ಬರೆಯಬೇಕು? ಎಸ್ಸೆಸ್ಸೆಲ್ಸಿ ಆದ ಕೂಡಲೇ ಕ್ರೀಡಾ ಇಲಾಖೆಯ ಹಿರಿಯರ ಕ್ರೀಡಾ ನಿಲಯಗಳಿವೆ, ಆಯ್ಕೆಯ ಪ್ರಕಟಣೆ ಪೇಪರಿನಲ್ಲಿ ಬರುತ್ತದೆ. ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ರಾಮದುರ್ಗ ತಾಲೂಕಿನ ಚಂದರಗಿಯಲ್ಲಿ ಕ್ರೀಡಾ ಶಾಲೆ ಇದೆ. ಮುಂದೆ ಕರಾವಳಿಯ ಉಜಿರೆ, ಮೂಡುಬಿದಿರೆಯ ಕಾಲೇಜುಗಳು ಆಡುವ ಮಕ್ಕಳನ್ನು ಕರೆದು ಓದಿಸುವುದರಲ್ಲಿ ಹೆಸರಾದವು. ಚೆನ್ನೈನ ಎಸ್‌ಆರ್‌ಎಂ ವಾಲಿಬಾಲಿಗೇ ಪ್ರಸಿದ್ಧ. ಹಾಗಂತ ದೂರದ್ದೇ ಚಲೋ ಅಂತ ನಾನು ಹೇಳುವುದಿಲ್ಲ. ನಮ್ಮ ನಿಡಸೋಸಿಯಲ್ಲೇ 1996ರಿಂದ ಹಿರಾಶುಗರ್ ಎಂಜಿನಿಯರಿಂಗ್ ಕಾಲೇಜಿದೆ, ವಿಟಿಯು ಕೆಳಗೆ. ಡಿಗ್ರಿ ಓದುವವರಿಗೆ 2010ರಲ್ಲಿ ಆದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕಾಲೇಜುಗಳು ಸಂಕೇಶ್ವರ, ಹುಕ್ಕೇರಿ, ಗೋಕಾಕದಲ್ಲೇ ಇವೆ. ಸಣ್ಣ ಊರಿನ ಕಾಲೇಜಿನಲ್ಲಿ ಓದಿದರೂ ಅಂತರ್ ಕಾಲೇಜು ಪಂದ್ಯಾವಳಿಯಲ್ಲಿ ಕಣ್ಣಿಗೆ ಬಿದ್ದರೆ ಯೂನಿವರ್ಸಿಟಿ ಕ್ಯಾಂಪಿಗೆ ಕರೆ ಬರುತ್ತದೆ. ಅಲ್ಲಿ ಆಯ್ಕೆಯಾದವರು ಯೂನಿವರ್ಸಿಟಿ ಬ್ಲೂ. ಆ ತಂಡ ದಕ್ಷಿಣ ವಲಯದ ಅಂತರ್ ವಿಶ್ವವಿದ್ಯಾಲಯ ಕೂಟಕ್ಕೆ ಹೋಗುತ್ತದೆ. ದೊಡ್ಡ ಹೆಸರಿನ ಕಾಲೇಜಿಗೆ ಹೋಗಿ ಮೂರು ವರ್ಷ ಬೆಂಚಿನ ಮೇಲೆ ಕೂರುವುದಕ್ಕಿಂತ, ಮೊದಲ ವರ್ಷದಿಂದ ಆಡಿಸುವ ಕಾಲೇಜು ಎಷ್ಟೋ ಮೇಲು.

ಅದಕ್ಕೇ ಕಾಲೇಜಿಗೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ: ಹುಡುಗಿ ಆಡುವ ಜಾಗದಲ್ಲಿ ಈಗ ಎಷ್ಟು ಜನ ಇದ್ದಾರೆ, ಅವರಲ್ಲಿ ಯಾರು ಈ ವರ್ಷ ಮುಗಿಸಿ ಹೋಗುತ್ತಾರೆ? ಮೂವರು ಲಿಫ್ಟರುಗಳು ಮೊದಲನೇ ವರ್ಷದಲ್ಲೇ ಇರುವ ತಂಡಕ್ಕೆ ನಾಲ್ಕನೇ ಲಿಫ್ಟರಾಗಿ ಹೋಗಿ ಏನು ಮಾಡುವುದು? ಕೋಚ್ ದಿನಾ ಇರುತ್ತಾರೋ, ಟೂರ್ನಮೆಂಟಿನ ಮುಂದೆ ಮಾತ್ರ ಬರುತ್ತಾರೋ? ಆಡಲು ಹೋದ ದಿನಗಳ ಹಾಜರಿ ಕೊಡುತ್ತಾರೋ, ತಪ್ಪಿದ ಇಂಟರ್ನಲ್ ಪರೀಕ್ಷೆ ಮತ್ತೆ ಬರೆಸುತ್ತಾರೋ? ಹಾಸ್ಟೆಲಿನಲ್ಲಿ ಆಡುವ ಮಕ್ಕಳಿಗೆ ತತ್ತಿ, ಹಾಲು, ಕಾಳು ಏನು ಕೊಡುತ್ತಾರೆ? ಹೊರ ಊರಿಗೆ ಹೋಗುವಾಗ ಜೊತೆಗೆ ಹೆಣ್ಣುಮಗಳು ಮ್ಯಾನೇಜರ್ ಇರುತ್ತಾರೋ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯನ್ನು ಕೇಳಲು ನಮ್ಮವರು ಸಂಕೋಚಪಡುತ್ತಾರೆ. ಮೊಣಕಾಲು ಮುರಿದರೆ ಏನು? ಜಿಗಿದು ಇಳಿಯುವ ಆಟ ಇದು, ಮೊಣಕಾಲಿನ ಲಿಗಮೆಂಟ್ ಹರಿದರೆ ಆರೆಂಟು ತಿಂಗಳು ಮೈದಾನಕ್ಕೆ ಇಳಿಯುವ ಹಾಗಿಲ್ಲ. ಆಗ ಫೀ ಮಾಫಿ ಮುಂದುವರಿಯುತ್ತದೋ, ಹಾಸ್ಟೆಲ್ ಬಿಡಿಸುತ್ತಾರೋ, ಆಪರೇಷನ್ ಖರ್ಚು ಯಾರದು? "ಅದೆಲ್ಲಾ ನಾವು ನೋಡ್ಕೋತೀವಿ" ಅನ್ನುವ ಬಾಯಿಮಾತು ಸಾಲದು. ಫೀ ಎಷ್ಟು ಮಾಫಿ, ಎಷ್ಟು ವರ್ಷ, ಯಾವ ಷರತ್ತಿಗೆ ಅನ್ನುವುದು ಕಾಲೇಜಿನ ಲೆಟರ್‌ಹೆಡ್ಡಿನ ಮೇಲೆ ಬರಬೇಕು.

ಅಕ್ಕಾರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ, ಪಿಯುಸಿ ಸೈನ್ಸ್ ತಗೊಂಡ್ರ ಆಟ ಬಿಡಿಸಬೇಕು ಅಂತಾರ ಇವರ ಅಪ್ಪ" ಅಂದರು. ನಮ್ಮ ಭಾಗದ ಅರ್ಧ ಆಟಗಾರ್ತಿಯರು ಮುಗಿಯುವುದು ಇಲ್ಲಿಯೇ. ಹತ್ತನೇ ಇಯತ್ತೆ ತನಕ ಚಿಕ್ಕೋಡಿಗೆ, ವಿಭಾಗಕ್ಕೆ ಹೋಗಿ ಬಂದ ಹುಡುಗಿ ಪಿಯು ಎರಡು ವರ್ಷ ಟ್ಯೂಷನ್ನಿನಲ್ಲಿ ಕೂತರೆ, 19ರೊಳಗಿನ ಕೂಟಗಳು ಕೈ ತಪ್ಪುತ್ತವೆ. ಸಿಇಟಿ ಅರ್ಜಿಗೆ ಆಸರೆಯಾಗಬೇಕಾದ ಪ್ರಮಾಣಪತ್ರಗಳಲ್ಲಿ ಅವೂ ಸೇರಿವೆ. ಓದು ಬಿಡಬೇಕು ಅಂತ ನಾನು ಎಂದೂ ಹೇಳುವವನಲ್ಲ. ಮಾರ್ಕ್ಸ್ ಇದ್ದರೆ ಕೋಚಿಗೂ ಹುಡುಗಿಯನ್ನು ಪ್ರಿನ್ಸಿಪಾಲರ ಮುಂದೆ ನಿಲ್ಲಿಸುವುದು ಸುಲಭ. ದಿನಕ್ಕೆ ಒಂದೂವರೆ ತಾಸು ಮೈದಾನದಲ್ಲಿದ್ದ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದದ್ದನ್ನು ನಾನು ಕಂಡದ್ದು ಕಡಿಮೆ. ಮೊಬೈಲ್ ಹಿಡಿದು ಕೂತು ಹಿಂದೆ ಬಿದ್ದವರನ್ನು ಬೇಕಾದಷ್ಟು ಕಂಡಿದ್ದೇನೆ.

ಇನ್ನು ಆಟ ಬಿಡದೆ ಮುಂದುವರಿದವರ ದಾರಿಯ ಮಾತು. ನಮ್ಮ ರಾಜ್ಯದ ಅಶ್ವಾಲ್ ರೈ 2022ರಲ್ಲಿ ಕೋಲ್ಕತ್ತಾ ಥಂಡರ್‌ಬೋಲ್ಟ್ಸ್ ತಂಡದ ನಾಯಕನಾಗಿ ಮೊದಲನೇ ಪ್ರೈಮ್ ವಾಲಿಬಾಲ್ ಲೀಗ್ ಗೆದ್ದರು. ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು ಸೋಲಿಸಿದ ಭಾರತ ತಂಡದಲ್ಲೂ ಅವರಿದ್ದರು. ಗಂಡುಮಕ್ಕಳಿಗೆ ಹೀಗೆ ಲೀಗಿನ ದಾರಿಯೂ ತೆರೆದಿದೆ. ಹೆಣ್ಣುಮಕ್ಕಳಿಗೆ ಅಂಥ ಲೀಗ್ ಇನ್ನೂ ನೆಲೆ ನಿಂತಿಲ್ಲ. ಹಾಗಾಗಿ ಅವರಿಗೆ ಕಾಲೇಜು, ಯೂನಿವರ್ಸಿಟಿ ತಂಡ, ಅದರಿಂದ ಬರುವ ನೌಕರಿ ಇವೇ ಗಟ್ಟಿ ದಾರಿ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳ ಮನೆಯವರೇ ಹೆಚ್ಚು ಮುಂಚೆ ಯೋಚಿಸಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

"ಈಗ ನಾಳೆ ಏನ್ ಮಾಡ್ಲಿ ಹೇಳ್ರಿ" ಅಂದರು ಅಕ್ಕಾರು. ನಾಳೆ ಸಾಲಿಗೆ ಹೋಗಿ ಪಿಟಿ ಮಾಸ್ತರರನ್ನು ಕಾಣಬೇಕು. ಹೋದ ವರ್ಷ ತಾಲೂಕಿನಲ್ಲಿ ಆಡಿದ ಪ್ರಮಾಣಪತ್ರ ಕೇಳಿ ತರಬೇಕು. ಈ ವರ್ಷದ ತಾಲೂಕು ಕೂಟದ ತಾರೀಖು ಬರೆದುಕೊಳ್ಳಬೇಕು. ಮನೆಯಲ್ಲಿ ಒಂದು ಫೈಲು ಹುಡುಗಿಯ ಹೆಸರಿನಲ್ಲೇ ಇರಲಿ, ಅದನ್ನು ಅವಳೇ ಇಟ್ಟುಕೊಳ್ಳಲಿ. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳಲ್ಲಿ ಆಡುವ ಮಗಳಿದ್ದ ಎಲ್ಲ ಮನೆಯವರಿಗೂ ನನ್ನ ವಿನಂತಿ ಇದೇ. ಅಕ್ಕಾರ ಮಗಳಿಗೆ 17ರೊಳಗಿನ ವಿಭಾಗದಲ್ಲಿ ಈ ವರ್ಷದ್ದೊಂದು, ಮುಂದಿನ ವರ್ಷದ್ದೊಂದು, ಎರಡು ಹಂಗಾಮು ಉಳಿದಿವೆ.