ಸಿಪ್ಪೆಯ ಸಂಗ್ರಾಹಕ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲೆಲ್ಲೋ ಹುಟ್ಟಿ, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಉದ್ಯೋಗಸ್ಥನಾಗಿ, ಮನೆಯಿಂದಲೇ ಕೆಲಸವೆಂಬ ನೆಪದಿಂದ ದೀಪಾವಳಿಗೆ ಊರಿಗೆ ಬಂದು ಸಂಕ್ರಾಂತಿಯಾದರೂ ಹಿಂದಿರುಗದ ಮಹಾಶಯನೊಬ್ಬನನ್ನು ನೀವೂ ಬಲ್ಲಿರಿ. ಆತನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ತುಂಬಿತೆಂಬ ಎಚ್ಚರಿಕೆಯು ಪ್ರತಿನಿತ್ಯವೂ ಉದಯಿಸುವುದುಂಟು. ಆತನು ಅದನ್ನು ನಿರ್ವಿಕಾರಚಿತ್ತನಾಗಿ ಮುಚ್ಚಿಬಿಡುವುದೂ ಉಂಟು.

ಆ ಡಿಸ್ಕಿನಲ್ಲಿ ತುಂಬಿರುವುದು ಕೇವಲ ಲೋಕೋಪಕಾರ. ಚನ್ನಗಿರಿಯ ಬೆಳೆಗಾರರಿಗೆ ರಾಶಿ ಅಡಿಕೆಯ ದರ ತಿಳಿಸುವ ಆ್ಯಪು. ಹೊನ್ನಾಳಿಯಲ್ಲಿ ತುಂಗಭದ್ರೆಯು ಏರುವುದನ್ನು ಮೊದಲೇ ಸಾರುವ ಆ್ಯಪು. ಜಗಳೂರಿನ ಮಳೆಯ ಲೆಕ್ಕವಿಡುವ ಆ್ಯಪು, ಲೆಕ್ಕಕ್ಕೆ ಮಳೆಯೇ ಸಿಕ್ಕದ್ದರಿಂದ ಇದು ನಿಂತಿತೆಂದು ಆತನ ಸಮಜಾಯಿಷಿ. ಹೊನ್ನಾಳಿ ತಾಲೂಕು ದರ್ಶನವೆಂಬ ಇನ್ನೊಂದರಲ್ಲಿಯಾದರೋ, 2018ರಲ್ಲಿ ಪ್ರತ್ಯೇಕ ತಾಲೂಕಾದ ನ್ಯಾಮತಿಯು ಇಂದಿಗೂ ಹೊನ್ನಾಳಿಯ ಹೋಬಳಿಯಾಗಿಯೇ ಕುಳಿತಿದೆ. ಎಲ್ಲವೂ ಲಾಗಿನ್ ಪುಟದವರೆಗೆ ಸರ್ವಾಂಗಸುಂದರ.

ಇವುಗಳಲ್ಲಿ ಆತನು ಸ್ವಹಸ್ತದಿಂದ ಬರೆದದ್ದು ಕೆಲವು ನೂರು ಕೆಬಿ. ಮಿಕ್ಕ ಜಿಬಿಗಟ್ಟಲೆ ಭಾರವೆಲ್ಲವೂ ನೋಡ್ ಮಾಡ್ಯೂಲ್ಸ್, ಟಾರ್ಗೆಟ್, ಬಿಲ್ಡ್ ಎಂಬ ಫೋಲ್ಡರುಗಳದು. ಪ್ಯಾಕೇಜ್ ಡಾಟ್ ಜೇಸನ್ ಎಂಬ ಪುಟ್ಟ ಫೈಲು ಉಳಿದಿದ್ದರೆ ಸಾಕು, ಎನ್‌ಪಿಎಂ ಇನ್‌ಸ್ಟಾಲ್ ಎಂದೊಡನೆ ಮೊದಲನೆಯದು ಮರಳಿ ಬರುವುದು. ಉಳಿದೆರಡು, ಮತ್ತೊಮ್ಮೆ ಬಿಲ್ಡ್ ಮಾಡಿದರೆ ತಾವಾಗಿಯೇ ಹುಟ್ಟುವುವು. ಜೋಪಾನ ಮಾಡಬೇಕಾದದ್ದು ಗಿಟ್‌ಗೆ ಸೇರದೆ ಉಳಿದ ಬರಹ ಮತ್ತು ಪಾಸ್‌ವರ್ಡುಗಳಿರುವ ಫೈಲು ಮಾತ್ರ. ಇದನ್ನೆಲ್ಲ ಬೇರೆಯವರಿಗೆ ಸೊಗಸಾಗಿ ವಿವರಿಸಬಲ್ಲ ಈ ಮಹಾಶಯನು, ಜಾಗ ಸಾಲದೆ ಬಂದಾಗ ಅಳಿಸಿದ್ದು ತಂಗಿಯ ಮದುವೆಯ ವಿಡಿಯೊವನ್ನು.

ನಾನು ಬಲ್ಲವನು ಚನ್ನಗಿರಿಯವನು. ಸುಲಿದ ಅಡಿಕೆಕಾಯಿಯನ್ನು ಬೇಯಿಸಲು ಹಂಡೆಗೂ ಸಿಪ್ಪೆಯನ್ನು ಹೊರಕ್ಕೂ ಕಳುಹಿಸುವುದರಲ್ಲಿಯೇ ಆಯುಷ್ಯ ಕಳೆದ ಆತನ ತಂದೆಯವರು ವಿಷಯವನ್ನೆಲ್ಲ ಕೇಳಿ, “ಅಲ್ಲಪ್ಪಾ, ಸಿಪ್ಪೆನ ಯಾರಾದ್ರೂ ಅಟ್ಟಕ್ಕೆ ಏರಿಸ್ತಾರೇನೋ?” ಎಂದರು.

“ಬೇಕಾಗ್ಬೋದು ಅಪ್ಪಾಜಿ.”

ಆದರೂ ಮಾತು ನಾಟಿತು. ಅಂದು ರಾತ್ರಿ ಕುಳಿತು, ಯಾವ ಫೋಲ್ಡರಿನ ತೂಕವೆಷ್ಟೆಂದು ಪಟ್ಟಿ ಮಾಡಿಸಿದನು. ಸಿಪ್ಪೆಯನ್ನು ಕಳೆದರೆ, ಹಗಲಿರುಳೆನ್ನದೆ ದುಡಿದ ಇಷ್ಟು ವರ್ಷಗಳ ಕೃತಿಸರ್ವಸ್ವವು ಮೊಬೈಲಿನಲ್ಲಿ ತೆಗೆದ ಒಂದು ಚಿತ್ರದಷ್ಟೂ ಆಗದೆಂದು ಪರದೆಯು ನಿರ್ದಾಕ್ಷಿಣ್ಯವಾಗಿ ತಿಳಿಸಿತು. ಫಸಲು ಕಿರಿದಾದರೂ ರಾಶಿಯು ಹಿರಿದಾಗಿ ಕಾಣಬೇಕೆಂಬುದು ಮನುಷ್ಯಸಹಜವಾದ ಆಶೆಯಷ್ಟೆ! ಆತನು ಏನನ್ನೂ ಅಳಿಸಲಿಲ್ಲ. ಎರಡು ಟಿಬಿಯ ಹೊಸ ಡಿಸ್ಕಿಗೆ ಆರ್ಡರು ಕೊಟ್ಟು ಸುಖವಾಗಿ ನಿದ್ರಿಸಿದನು. ಮದುವೆಯ ವಿಡಿಯೊವನ್ನು ಬೀಗರಲ್ಲಿ ಕೇಳಿ ತರುವ ಸಂಕೋಚದ ಕಾರ್ಯವು ಮಾತ್ರ ಅಪ್ಪಾಜಿಯವರ ಪಾಲಿಗೆ ಬಂದಿತು.